ಬೀಗ ಹಾಕಿ, ಕೀಲಿ ಮೇಜಿನ ಮೇಲೇ ಇರಲಿ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಮೇಲ್ವಿಚಾರಕಿ. ನಮ್ಮಲ್ಲಿ ನಾಲ್ಕು ಕಂಪ್ಯೂಟರ್ ಇವೆ, ಇಂಟರ್‌ನೆಟ್ ಇದೆ. ಯಾರು ಬೇಕಾದರೂ ಬಂದು ಉಚಿತವಾಗಿ ಬಳಸಬಹುದು. ಹೋದ ತಿಂಗಳು ಎಂಟನೇ ಕ್ಲಾಸಿನ ಹುಡುಗನೊಬ್ಬನ ಪರದೆ ಮೇಲೆ ಕೆಟ್ಟ ವಿಡಿಯೋ ಕಾಣಿಸಿತು. ಪಕ್ಕದಲ್ಲಿದ್ದ ಹುಡುಗಿಯರು ಮನೆಯಲ್ಲಿ ಹೇಳಿದರು. ಊರಲ್ಲಿ ದೊಡ್ಡ ಗಲಾಟೆಯಾಯಿತು. ಆ ಹುಡುಗ ಈಗ ಲೈಬ್ರರಿ ಕಡೆ ತಲೆ ಹಾಕುತ್ತಿಲ್ಲ. ಸರ್ಕಾರಿ ವೆಬ್‌ಸೈಟ್ ಬಿಟ್ಟು ಎಲ್ಲ ಬ್ಲಾಕ್ ಮಾಡಿಸಿ, ಯೂಟ್ಯೂಬ್ ಬೇಡವೇ ಬೇಡ, ಯಾರು ಏನು ನೋಡಿದರು ಅಂತ ರಿಜಿಸ್ಟರ್‌ನಲ್ಲಿ ಬರೆಸಿ ಅಂತ ಪಂಚಾಯ್ತಿ ಸದಸ್ಯರು ಹೇಳುತ್ತಿದ್ದಾರೆ. ಯೂಟ್ಯೂಬ್ ಇಲ್ಲದಿದ್ದರೆ ನಾವು ಬರೋದೇ ಇಲ್ಲ ಅಂತ ಪರೀಕ್ಷೆಗೆ ಓದೋ ಹುಡುಗರು ಹೇಳುತ್ತಾರೆ. ಕೆಟ್ಟ ಸೈಟ್ ತಡೆಯೋ ಫಿಲ್ಟರ್ ಹಾಕಬೇಕಾ? ಹಾಕಿದರೆ ಎಂಥದ್ದು? ಕಾನೂನು ಏನು ಹೇಳುತ್ತದೆ?

ಉತ್ತರ: ನಮಸ್ಕಾರ ಮೇಡಂ. ಮೊದಲು ನೇರವಾಗಿ ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ ನೋಡೋಣ. ಫಿಲ್ಟರ್ ಹಾಕಿ. ಹಗುರವಾದದ್ದು ಹಾಕಿ. ದೊಡ್ಡವರು ಯಾರಾದರೂ ಬಂದು "ಈ ಪುಟ ತೆರೆಯುತ್ತಿಲ್ಲ, ತೆಗೆದುಕೊಡಿ" ಅಂದರೆ ಯಾಕೆ ಅಂತ ಕೇಳದೆ ಒಂದೇ ನಿಮಿಷದಲ್ಲಿ ತೆಗೆದುಕೊಡಿ. ಸರ್ಕಾರಿ ಸೈಟ್ ಮಾತ್ರ ಅನ್ನೋ ಮಾತಿಗೆ ಒಪ್ಪಬೇಡಿ. ಯಾರು ಏನು ನೋಡಿದರು ಅಂತ ಮಾತ್ರ ದಯವಿಟ್ಟು ಬರೆಸಬೇಡಿ.

ನಾನು ಮೈಸೂರಿನಲ್ಲಿ ಗ್ರಂಥಾಲಯದ ಕೆಲಸಕ್ಕೆ ಸೇರಿದಾಗ ಒಳ್ಳೆ ಪುಸ್ತಕಗಳೆಲ್ಲ ಬೀರುವಿನಲ್ಲಿ ಇರುತ್ತಿದ್ದವು. ಬೀರುವಿಗೆ ಬೀಗ, ಬೀಗದ ಕೀಲಿ ಹಿರಿಯ ಗುಮಾಸ್ತರ ಜೇಬಿನಲ್ಲಿ. ಅವರು ರಜೆ ಹಾಕಿದರೆ ಪುಸ್ತಕಗಳಿಗೂ ರಜೆ. ಗಾಜಿನ ಬಾಗಿಲಿಗೆ ಮೂಗು ಒತ್ತಿಕೊಂಡು ಹೆಸರು ಓದಿ, ಕೇಳೋಕೆ ಸಂಕೋಚಪಟ್ಟು ಹಾಗೇ ಹೋದವರನ್ನು ಎಷ್ಟೋ ಮಂದಿಯನ್ನು ನೋಡಿದ್ದೇನೆ. ಆ ಪುಸ್ತಕ ಓದಬೇಡಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಕೀಲಿ ಕೇಳಬೇಕಾಗಿತ್ತು, ಅಷ್ಟೇ. ಆ ಅಷ್ಟೇ ಸಾಕಾಗಿತ್ತು. ಇಂಟರ್‌ನೆಟ್ ಫಿಲ್ಟರ್ ವಿಷಯ ಬಂದಾಗೆಲ್ಲ ನನಗೆ ಆ ಬೀರು ನೆನಪಾಗುತ್ತದೆ.

ಈಗ ಫಿಲ್ಟರ್ ಅಂದರೆ ಏನು ಅಂತ ನೋಡೋಣ. ಅಂಗಡಿಯವರು ಎಲ್ಲವನ್ನೂ ಫಿಲ್ಟರ್ ಅಂತಲೇ ಮಾರುತ್ತಾರೆ. ಒಳಗೆ ಕೆಲಸ ಮಾಡೋ ರೀತಿ ಮಾತ್ರ ಬೇರೆ ಬೇರೆ.

ಹಳೆಯದು ಪದ ನೋಡಿ ತಡೆಯೋ ಫಿಲ್ಟರ್. ಒಂದಿಷ್ಟು ಕೆಟ್ಟ ಪದಗಳ ಪಟ್ಟಿ ಅದರಲ್ಲಿ ಇರುತ್ತದೆ. ಹೊಡೆದ ಅಕ್ಷರಗಳಲ್ಲೋ ಪುಟದಲ್ಲೋ ಆ ಪದ ಕಂಡರೆ ಬಾಗಿಲು ಮುಚ್ಚುತ್ತದೆ. ಇದನ್ನು ದಯವಿಟ್ಟು ಹಾಕಿಸಬೇಡಿ. 1996ರಲ್ಲಿ ಅಮೆರಿಕದ ಒಂದು ಇಂಟರ್‌ನೆಟ್ ಕಂಪನಿ ಇಂಗ್ಲೆಂಡಿನ ಸ್ಕಂಥೋರ್ಪ್ ಅನ್ನೋ ಊರಿನವರಿಗೆ ಖಾತೆಯನ್ನೇ ತೆರೆಯಲು ಬಿಡಲಿಲ್ಲ. ಆ ಊರಿನ ಹೆಸರಿನ ಅಕ್ಷರಗಳ ನಡುವೆ ಇಂಗ್ಲಿಷಿನ ಒಂದು ಅಸಭ್ಯ ಪದ ಕೂತಿದೆ. ಅದನ್ನು ಓದಿ ನಕ್ಕು ಸುಮ್ಮನಾಗಬೇಡಿ. ನಮ್ಮ ಹೆಣ್ಣುಮಕ್ಕಳ ಹೆಸರು ನೋಡಿ. ಹರ್ಷಿತಾ, ರಕ್ಷಿತಾ, ಗಂಡುಮಕ್ಕಳಲ್ಲಿ ದೀಕ್ಷಿತ್. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಡುವೆ ಒಂದು ಬೈಗುಳ ಎದ್ದು ಕಾಣುತ್ತದೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ನಾನಿದ್ದ ಒಂದು ಗ್ರಂಥಾಲಯದಲ್ಲಿ ಇಂಥ ಸಾಫ್ಟ್‌ವೇರ್ ಹಾಕಿಸಿದ್ದೆವು. ಯಾರೋ ಪುಕ್ಕಟೆ ಕೊಟ್ಟರು, ನಾವೂ ಪರೀಕ್ಷೆ ಮಾಡಿ ನೋಡಲಿಲ್ಲ. ಪಿಯುಸಿ ಮುಗಿಸಿದ ಒಬ್ಬ ಹುಡುಗಿ ಸ್ಕಾಲರ್‌ಶಿಪ್ ಅರ್ಜಿ ಕಳಿಸಲು ತಂದೆಯ ಜೊತೆ ಬಂದಳು. ಹೆಸರು ನಾನು ಮೇಲೆ ಹೇಳಿದವುಗಳಲ್ಲಿ ಒಂದು. ತನ್ನ ಮೇಲ್ ಐಡಿ ಹೊಡೆದಳು. ಪರದೆ ಪೂರ್ತಿ ಕೆಂಪಾಯಿತು. "ನೀವು ಅಸಭ್ಯ ಪದ ಬಳಸಿದ್ದೀರಿ" ಅನ್ನೋ ಅರ್ಥದ ದಪ್ಪಕ್ಷರ ಬಂತು. ಹಿಂದೆ ನಿಂತಿದ್ದ ತಂದೆ ಅದನ್ನು ನಿಧಾನವಾಗಿ ಕೂಡಿಸಿ ಓದಿದರು. "ಏನಮ್ಮ ಹೊಡೆದೆ ನೀನು?" ಅಂದರು. ಆ ಹುಡುಗಿಗೆ ಮಾತೇ ಹೊರಡಲಿಲ್ಲ. ನಾನು ಓಡಿಹೋಗಿ, ತಪ್ಪು ಅವಳದಲ್ಲ ನಮ್ಮದು ಅಂತ ಬಿಡಿಸಿ ಹೇಳಿದೆ. ಅವರು ಒಪ್ಪಿಕೊಂಡರು. ಆದರೆ ಅವಳು ಮತ್ತೆ ಆ ಕಂಪ್ಯೂಟರ್ ಮುಂದೆ ಕೂರಲಿಲ್ಲ. ಅರ್ಜಿಯನ್ನು ನಾನೇ ನನ್ನ ಮೇಜಿನಿಂದ ಕಳಿಸಿಕೊಟ್ಟೆ. ಅದೇ ಸಂಜೆ ಆ ಸಾಫ್ಟ್‌ವೇರ್ ತೆಗೆಸಿದೆವು.

ಇನ್ನೊಂದು ಕಡೆಯಿಂದಲೂ ಇದು ಕೆಲಸಕ್ಕೆ ಬರುವುದಿಲ್ಲ. ಆ ಪಟ್ಟಿ ಮಾಡಿದವರಿಗೆ ಕನ್ನಡ ಬರುವುದಿಲ್ಲ. ಕನ್ನಡ ಲಿಪಿಯಲ್ಲೋ ಇಂಗ್ಲಿಷ್ ಅಕ್ಷರದ ಕನ್ನಡದಲ್ಲೋ ಹೊಲಸು ಹುಡುಕಿದರೆ ಅದು ಸಲೀಸಾಗಿ ಬಿಟ್ಟುಬಿಡುತ್ತದೆ. ಒಳ್ಳೆ ಹುಡುಗಿಯ ಹೆಸರನ್ನು ತಡೆದು ನಿಜವಾದ ಕೊಳಕನ್ನು ಒಳಗೆ ಬಿಡೋ ಕಾವಲುಗಾರ ನಮಗೆ ಯಾಕೆ ಬೇಕು?

ನಿಮ್ಮ ಮಂಡ್ಯದ ಕಡೆಯದೇ ಇನ್ನೊಂದು ಉದಾಹರಣೆ. ಮನೆಮನೆಯಲ್ಲೂ ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು ನೀವು. ಹೆಣ್ಣು ಕರುವೇ ಹುಟ್ಟುವ ಹಾಗೆ ಬೇರ್ಪಡಿಸಿದ ವೀರ್ಯ ಈಗ ಸಿಗುತ್ತದೆ, ಸುಮಾರು ನೂರಕ್ಕೆ 90 ಹೆಣ್ಣು ಕರು ಅನ್ನುತ್ತಾರೆ. ಅದರ ಇಂಗ್ಲಿಷ್ ಹೆಸರು ಸೆಕ್ಸ್ ಸಾರ್ಟೆಡ್ ಸೆಮೆನ್. ರೈತ ಬೇರೆ ಹೆಸರಿನಲ್ಲಿ ಹುಡುಕಲು ಬರುವುದಿಲ್ಲ, ಪಶುವೈದ್ಯರ ಬಾಯಲ್ಲೂ ಅದೇ, ಸರ್ಕಾರದ ಕಾಗದದಲ್ಲೂ ಅದೇ. ಪದ ನೋಡೋ ಫಿಲ್ಟರ್‌ಗೆ ಅದರಲ್ಲಿ ಒಂದಲ್ಲ, ಎರಡು ಪದ ಸಿಗುತ್ತವೆ. ಹಾಗೆಯೇ ಭ್ರೂಣಲಿಂಗ ಪತ್ತೆ. 2023ರಲ್ಲಿ ಈ ದಂಧೆ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲೇ ನಡೆಯುತ್ತಿದ್ದದ್ದು ಬಯಲಾಯಿತು. ಪಾಪದ ಕೆಲಸಕ್ಕೆ ಹುಡುಕುವವನು ಹೊಡೆಯೋ ಪದವೂ, ಅದನ್ನು ತಡೆಯೋ 1994ರ ಕಾಯ್ದೆ ಏನು ಹೇಳುತ್ತದೆ ಅಂತ ಹುಡುಕೋ ಆಶಾ ಕಾರ್ಯಕರ್ತೆ ಹೊಡೆಯೋ ಪದವೂ ಒಂದೇ. ಅವರಿಬ್ಬರ ಮನಸ್ಸಿನ ವ್ಯತ್ಯಾಸ ಪದದ ಪಟ್ಟಿಗೆ ಹೇಗೆ ಗೊತ್ತಾಗಬೇಕು?

ಎರಡನೆಯದು ನಿಮ್ಮ ಸದಸ್ಯರು ಕೇಳುತ್ತಿರೋದು. ಇಷ್ಟು ಸೈಟ್ ಮಾತ್ರ ತೆರೆಯಲಿ, ಮಿಕ್ಕಿದ್ದೆಲ್ಲ ಮುಚ್ಚಲಿ. ಕೇಳೋಕೆ ಚೆನ್ನಾಗಿದೆ. ಮಾಡಿ ನೋಡಿದರೆ ಮೊದಲ ದಿನವೇ ಕೈಕೊಡುತ್ತದೆ. ಇವತ್ತಿನ ಒಂದು ವೆಬ್‌ಪುಟ ಒಂದೇ ಕಡೆಯಿಂದ ಬರುವುದಿಲ್ಲ. ಅಕ್ಷರದ ಫಾಂಟ್ ಒಂದು ಕಡೆಯಿಂದ, ಚಿತ್ರ ಇನ್ನೊಂದು ಕಡೆಯಿಂದ, ಹಣ ಕಟ್ಟೋ ಪುಟ ಬ್ಯಾಂಕಿನ ವಿಳಾಸದಿಂದ ಬರುತ್ತದೆ. ಪರೀಕ್ಷೆ ಫೀ ಕಟ್ಟೋ ಸರ್ಕಾರಿ ಪುಟವನ್ನು ನೀವು ಪಟ್ಟಿಗೆ ಸೇರಿಸಿರುತ್ತೀರಿ. ಪುಟ ತೆರೆಯುತ್ತದೆ. "ಹಣ ಪಾವತಿಸಿ" ಅಂತ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ಕೊನೆಯ ದಿನಾಂಕದ ಸಂಜೆ ಐದು ಗಂಟೆಗೆ ಇಂಥದ್ದು ಆದರೆ ಬೈಸಿಕೊಳ್ಳೋದು ಸದಸ್ಯರಲ್ಲ, ನೀವು.

ಅದಕ್ಕಿಂತ ದೊಡ್ಡ ಮಾತು ಬೇರೆಯೇ ಇದೆ. ಮೊಬೈಲ್ ಡೇಟಾ ಹಾಕಿಸಿಕೊಳ್ಳಲು ಆಗುವವನಿಗೆ ಜಗತ್ತೆಲ್ಲ ತೆರೆದಿರುತ್ತದೆ. ಲೈಬ್ರರಿ ಕಂಪ್ಯೂಟರ್ ನಂಬಿಕೊಂಡು ಬರುವವನು ಆ ದುಡ್ಡಿಲ್ಲದವನು. ಅವನಿಗೆ ಮಾತ್ರ ಹತ್ತೇ ಸೈಟ್ ಅನ್ನೋದು ಯಾವ ನ್ಯಾಯ? ಪಾಂಡವಪುರದ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕ ಮನೆ ಇದೆಯಲ್ಲ, ಒಂದ್ಸಲ ಹೋಗಿ ಬನ್ನಿ. ಲಕ್ಷಗಟ್ಟಲೆ ಪುಸ್ತಕ, ನಡೆಯಲು ಜಾಗ ಬಿಟ್ಟು ಎಲ್ಲೆಲ್ಲೂ ಪುಸ್ತಕ. ಬಂದವರು ಏನು ಕೈಗೆತ್ತಿಕೊಳ್ಳಬೇಕು ಅಂತ ಯಾರೂ ಬೆರಳು ತೋರಿಸಿ ಹೇಳುವುದಿಲ್ಲ. ಕಂಪ್ಯೂಟರ್ ಬಂದ ತಕ್ಷಣ ಆ ಧೈರ್ಯ ನಮಗೆ ಯಾಕೆ ಕಡಿಮೆಯಾಗುತ್ತದೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮೂರನೆಯದು ನಾನು ನಿಮಗೆ ಹೇಳೋ ಫಿಲ್ಟರ್. ನಾವು ವೆಬ್‌ಸೈಟಿನ ಹೆಸರು ಹೊಡೆದಾಗ ಕಂಪ್ಯೂಟರ್ ಮೊದಲು ಒಂದು ಡೈರೆಕ್ಟರಿಯನ್ನು ಕೇಳುತ್ತದೆ. ಈ ಹೆಸರಿನವರ ನಂಬರ್ ಏನು ಅಂತ. ಆ ಡೈರೆಕ್ಟರಿಗೆ ಡಿಎನ್‌ಎಸ್ ಅನ್ನುತ್ತಾರೆ. ಕೆಲವು ಡೈರೆಕ್ಟರಿಗಳು ಅಶ್ಲೀಲ ಸೈಟ್, ವೈರಸ್ ಹರಡೋ ಸೈಟ್‌ಗಳ ನಂಬರ್ ಕೇಳಿದರೆ ಕೊಡುವುದಿಲ್ಲ. ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಅಂಥದ್ದು, ಅದರ ಜೊತೆಗೆ ಹಾಕೋ ಎರಡನೇ ನಂಬರ್ 1.0.0.3. ಓಪನ್‌ಡಿಎನ್‌ಎಸ್‌ನ ಫ್ಯಾಮಿಲಿಶೀಲ್ಡ್ ಕೂಡ ಇದೇ ಥರ. ಎರಡಕ್ಕೂ ಕಾಸು ಕೊಡಬೇಕಿಲ್ಲ. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಈ ನಂಬರ್ ತುಂಬಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಇದು ಪದ ನೋಡುವುದಿಲ್ಲ, ಸೈಟ್ ನೋಡುತ್ತದೆ. ಹಾಗಾಗಿ ಹರ್ಷಿತಾಳ ಮೇಲ್ ತೆರೆಯುತ್ತದೆ, ಹಸುವಿನ ಪುಟವೂ ತೆರೆಯುತ್ತದೆ.

ಇದೂ ತಪ್ಪು ಮಾಡುತ್ತದೆ. 2020ರ ಏಪ್ರಿಲ್‌ನಲ್ಲಿ 1.1.1.3 ಶುರುವಾದ ಹೊಸದರಲ್ಲೇ ಸಲಿಂಗಿಗಳಿಗೆ, ಟ್ರಾನ್ಸ್‌ಜೆಂಡರ್ ಜನರಿಗೆ ಸಂಬಂಧಿಸಿದ ಎಷ್ಟೋ ಸೈಟ್‌ಗಳು ಅಶ್ಲೀಲದ ಜೊತೆ ಸೇರಿ ಮುಚ್ಚಿಹೋದವು. ಬೇರೆ ಕಡೆಯಿಂದ ತಂದ ತಪ್ಪು ಪಟ್ಟಿ ಬಳಸಿದ್ದೆವು ಅಂತ ಕಂಪನಿ ಒಪ್ಪಿಕೊಂಡು, ಕ್ಷಮೆ ಕೇಳಿ ಸರಿಮಾಡಿತು. ಜಗತ್ತಿನ ದೊಡ್ಡ ಕಂಪನಿಗೇ ಹೀಗಾದರೆ, ತಪ್ಪಾದಾಗ ತೆಗೆದುಕೊಡೋ ಮನುಷ್ಯರು ಕೋಣೆಯಲ್ಲಿ ಇರಲೇಬೇಕು ಅಲ್ವಾ? ಅದಕ್ಕೇ ಕೀಲಿಯ ಮಾತು ಪದೇ ಪದೇ ಆಡುತ್ತಿದ್ದೇನೆ.

ಕೀಲಿ ಹೀಗೆ ಮಾಡಿಕೊಳ್ಳಿ. ಪ್ರತಿ ಕಂಪ್ಯೂಟರ್‌ನಲ್ಲೂ ಎರಡು ಲಾಗಿನ್ ಇರಲಿ. ಒಂದು ಎಲ್ಲರಿಗೂ, ಪಾಸ್‌ವರ್ಡ್ ಬೇಡ. ಅದರ ಬ್ರೌಸರ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಅನ್ನೋ ಸೆಟ್ಟಿಂಗ್ ಆಫ್ ಮಾಡಿ, ಯಾರೂ ಬದಲಾಯಿಸದ ಹಾಗೆ ಮಾಡಿಸಿ. ಯಾಕೆಂದರೆ ಅದು ಆನ್ ಆಗಿದ್ದರೆ ಬ್ರೌಸರ್ ನೀವು ಹಾಕಿದ ಡೈರೆಕ್ಟರಿ ಬಿಟ್ಟು ಬೇರೆಯದನ್ನು ಕೇಳಬಹುದು. ಚುರುಕಾದ ಹುಡುಗರು ಮೊದಲು ಹಿಡಿಯೋ ಅಡ್ಡದಾರಿ ಇದೇ. ಎರಡನೇ ಲಾಗಿನ್‌ಗೆ ಪಾಸ್‌ವರ್ಡ್ ಇಡಿ. ಅದರ ಬ್ರೌಸರ್‌ನಲ್ಲಿ ಅದೇ ಸೆಟ್ಟಿಂಗ್ ಆನ್ ಮಾಡಿ ಫಿಲ್ಟರ್ ಇಲ್ಲದ 1.1.1.1 ಆರಿಸಿ. 18 ದಾಟಿದವರು ಕೇಳಿದರೆ ನೀವು ಎದ್ದು ಹೋಗಿ ಪಾಸ್‌ವರ್ಡ್ ಹೊಡೆದು ವಾಪಸ್ ಬಂದು ಕೂತುಕೊಳ್ಳಿ. ಯಾವ ಪುಟ, ಯಾಕೆ, ಯಾವುದೂ ಬೇಡ. ಲಾಗಿನ್ ಮಾಡಿಸೋಕೆ ಯಾರಾದರೂ ಬಲ್ಲ ಹುಡುಗರ ಸಹಾಯ ತೆಗೆದುಕೊಳ್ಳಿ, ಪಾಸ್‌ವರ್ಡ್ ಮಾತ್ರ ಅವರು ಹೋದ ಮೇಲೆ ಬದಲಾಯಿಸಿ.

ಯಾಕೆ ಅಂತ ಕೇಳಬಾರದು ಅಂದೆನಲ್ಲ, ಅದು ನನ್ನೊಬ್ಬನ ಹಟವಲ್ಲ. ಅಮೆರಿಕದಲ್ಲಿ ಈ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯ ಗ್ರಂಥಾಲಯಗಳು ಎಲ್ಲ ಕಂಪ್ಯೂಟರ್‌ಗೂ ಫಿಲ್ಟರ್ ಹಾಕಿದ್ದವು. ತೆಗೆಸಬೇಕಾದರೆ ಓದುಗ ತನ್ನ ಹೆಸರು, ಫೋನ್ ನಂಬರ್, ಯಾಕೆ ಬೇಕು ಅನ್ನೋ ವಿವರಣೆ ಎಲ್ಲ ಬರೆದು ಅರ್ಜಿ ಕೊಡಬೇಕಿತ್ತು. 1998ರಲ್ಲಿ ಅಲ್ಲಿನ ಕೋರ್ಟ್ ಈ ನಿಯಮ ಸಂವಿಧಾನಕ್ಕೆ ವಿರುದ್ಧ ಅಂದಿತು. ಹೀಗೆ ಅರ್ಜಿ ಬರೆಸಿದರೆ ಜನ ಕೇಳೋಕೇ ಹಿಂಜರಿಯುತ್ತಾರೆ ಅನ್ನೋದು ಆ ತೀರ್ಪಿನ ಒಂದು ಮುಖ್ಯ ಮಾತು. ತೀರ್ಪು ಬರೆದ ನ್ಯಾಯಾಧೀಶೆ ಲಿಯೊನಿ ಬ್ರಿಂಕೆಮಾ ಕಾನೂನಿಗೆ ಬರೋ ಮೊದಲು ಲೈಬ್ರರಿ ಸೈನ್ಸ್ ಓದಿದವರು. ಓದುಗರ ಸಂಕೋಚ ಅವರಿಗೆ ಅರ್ಥವಾದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಆಮೇಲೆ 2000ದ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಮಕ್ಕಳ ಇಂಟರ್‌ನೆಟ್ ರಕ್ಷಣೆಗೆ ಒಂದು ಕಾಯ್ದೆ ಮಾಡಿತು. ಇಂಟರ್‌ನೆಟ್‌ಗೆ ಕೇಂದ್ರ ಸರ್ಕಾರದ ಸಹಾಯಧನ ಬೇಕಾದರೆ ಗ್ರಂಥಾಲಯಗಳು ಅಶ್ಲೀಲ ಚಿತ್ರ ತಡೆಯೋ ಫಿಲ್ಟರ್ ಹಾಕಲೇಬೇಕು ಅಂತ. ಅಮೆರಿಕದ ಗ್ರಂಥಾಲಯ ಸಂಘವೇ ಇದರ ವಿರುದ್ಧ ಕೋರ್ಟಿಗೆ ಹೋಯಿತು. 2002ರಲ್ಲಿ ಕೆಳಗಿನ ಕೋರ್ಟ್‌ನಲ್ಲಿ ಗೆದ್ದಿತು. 2003ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರ ಬಹುಮತದಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಫಿಲ್ಟರ್ ಬೇಕು ಅನ್ನುವವರು ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ಮುಂದಿನ ಮಾತು ಮುಖ್ಯ. ದೊಡ್ಡವರು ಕೇಳಿದರೆ ಗ್ರಂಥಪಾಲಕರು ಫಿಲ್ಟರ್ ತೆಗೆದುಕೊಡಬಹುದು, ಯಾಕೆ ಬೇಕು ಅಂತ ಅವರು ಹೇಳಬೇಕಾಗಿಲ್ಲ ಅಂತ ಸರ್ಕಾರದ ವಕೀಲರೇ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದರು. ಕಾಯ್ದೆ ಉಳಿದುಕೊಂಡದ್ದರಲ್ಲಿ ಆ ಮಾತಿನ ಪಾಲು ದೊಡ್ಡದು. ಕೇಳಿದಾಗ ತಡಮಾಡದೆ ತೆಗೆದುಕೊಡದ ಗ್ರಂಥಾಲಯ ಇದ್ದರೆ ಆ ಓದುಗ ಮತ್ತೆ ಕೋರ್ಟಿಗೆ ಬರಬಹುದು ಅನ್ನೋ ಅರ್ಥದಲ್ಲಿ ನ್ಯಾಯಮೂರ್ತಿ ಕೆನಡಿ ಬೇರೆಯಾಗಿ ಬರೆದರು.

ಇದು ಅವರ ದೇಶದ ಕಾನೂನು, ನಮಗೆ ಅನ್ವಯಿಸುವುದಿಲ್ಲ. ಆದರೆ ಇಪ್ಪತ್ತು ವರ್ಷ ಮೊದಲೇ ಈ ಹಾದಿಯಲ್ಲಿ ನಡೆದು ಎಡವಿದವರು ಅವರು. ಎಲ್ಲಿ ಎಡವಿದರು ಅಂತ ನೋಡಿಕೊಂಡರೆ ನಮಗೆ ಲಾಭ.

ನಮ್ಮ ಕಾನೂನಿಗೆ ಬರೋಣ. ಗ್ರಂಥಾಲಯಕ್ಕೆ ಅಂತಲೇ ಮಾಡಿದ ಫಿಲ್ಟರ್ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಸದಸ್ಯರಲ್ಲಿ ಯಾರಾದರೂ 2011ರ ಸೈಬರ್ ಕೆಫೆ ನಿಯಮ ತೋರಿಸಬಹುದು. ಗುರುತಿನ ಚೀಟಿ ನೋಡಬೇಕು, ಬಳಕೆಯ ದಾಖಲೆ (ಲಾಗ್) ಒಂದು ವರ್ಷ ಇಡಬೇಕು, ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು ಅಂತ ಅದರಲ್ಲಿ ಇದೆ. ಆದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಪ್ರಕಾರ ಸೈಬರ್ ಕೆಫೆ ಅಂದರೆ ವ್ಯಾಪಾರವಾಗಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡೋ ಜಾಗ. ನೀವು ವ್ಯಾಪಾರ ಮಾಡುತ್ತಿಲ್ಲ. ತಮಾಷೆಯಲ್ಲ, ಗಮನಿಸಿ: ಆ ನಿಯಮದಲ್ಲೂ ಫಿಲ್ಟರ್ ಹಾಕಬಹುದು ಅಂತಿದೆಯೇ ಹೊರತು ಹಾಕಲೇಬೇಕು ಅಂತಿಲ್ಲ. ಅಶ್ಲೀಲ ಸೈಟ್ ನೋಡಬಾರದು ಅನ್ನೋ ಬೋರ್ಡ್ ಮಾತ್ರ ಕಡ್ಡಾಯ. ಅಂಥ ಬೋರ್ಡ್ ನೀವೂ ಹಾಕಿ, ಒಳ್ಳೆಯದೇ.

ಒಂದು ವಿಷಯದಲ್ಲಿ ಮಾತ್ರ ಯಾವ ಸಡಿಲವೂ ಬೇಡ. ಮಕ್ಕಳನ್ನೇ ಬಳಸಿ ಮಾಡಿದ ಲೈಂಗಿಕ ಚಿತ್ರಗಳನ್ನು ಹುಡುಕುವುದೂ ನೋಡುವುದೂ ಐಟಿ ಕಾಯ್ದೆಯ ಸೆಕ್ಷನ್ 67ಬಿ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ದೊಡ್ಡವರೊಬ್ಬರು ಮಗುವಿಗೆ ಅಶ್ಲೀಲ ಚಿತ್ರ ತೋರಿಸಿದರೆ 2012ರ ಪೋಕ್ಸೊ ಕಾಯ್ದೆಗೆ ಬರುತ್ತದೆ, ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಇರುವಂತಿಲ್ಲ. ಎರಡನೇ ಲಾಗಿನ್ ಕೊಟ್ಟಾಗಲೂ ಈ ಗೆರೆ ಹಾಗೇ ಇರುತ್ತದೆ.

ಉಳಿದ ವಿಷಯದಲ್ಲಿ ನಮ್ಮ ಕೋರ್ಟುಗಳು ಓದುಗರ ಕಡೆಗೇ ವಾಲಿವೆ. ಹಾಸ್ಟೆಲ್‌ನಲ್ಲಿ ಮೊಬೈಲ್‌ಗೆ ಹಾಕಿದ್ದ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯ ಪರವಾಗಿ 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ತೀರ್ಪು ಕೊಟ್ಟಿತು. ಇಂಟರ್‌ನೆಟ್ ಬಳಸೋದು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂದಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಇಂಟರ್‌ನೆಟ್ ಮೂಲಕ ಮಾತಾಡೋ ಸ್ವಾತಂತ್ರ್ಯಕ್ಕೂ ಸಂವಿಧಾನದ ರಕ್ಷಣೆ ಇದೆ ಅಂದಿತು. ದೇಶದಲ್ಲಿ ವೆಬ್‌ಸೈಟ್ ಮುಚ್ಚಿಸೋ ಅಧಿಕಾರ ಐಟಿ ಕಾಯ್ದೆಯ 69ಎ ಪ್ರಕಾರ ಕೇಂದ್ರ ಸರ್ಕಾರಕ್ಕೆ ಇದೆ. ಅದಕ್ಕೂ 2009ರ ನಿಯಮಗಳ ಪ್ರಕಾರ ಸಮಿತಿ ಕೂರಬೇಕು, ಕಾರಣ ಬರೆಯಬೇಕು. ಪಂಚಾಯ್ತಿ ಸದಸ್ಯರು ಫೋನ್ ಮಾಡಿ "ಆ ಚಾನೆಲ್ ತೆಗೆಸಮ್ಮ" ಅಂದರೆ ಮುಗಿಯೋ ಕೆಲಸ ಅಲ್ಲ ಅದು.

ಹೀಗೆ ಫೋನ್ ಬರೋದು ಕಲ್ಪನೆಯಲ್ಲ, ಮೇಡಂ. ಒಂದು ಸಲ ಬಾಗಿಲು ಮುಚ್ಚೋ ಅಭ್ಯಾಸವಾದರೆ ಮಕ್ಕಳ ಹೆಸರಿನಲ್ಲಿ ಶುರುವಾದದ್ದು ಬೇರೆ ಕಡೆಗೆ ಹೊರಳುತ್ತದೆ. ಚರಂಡಿ ಕಾಮಗಾರಿ ಬಗ್ಗೆ ಯಾರೋ ವಿಡಿಯೋ ಮಾಡಿ ಹಾಕಿದರೆ ಅದೂ "ಕೆಟ್ಟ ವಿಡಿಯೋ" ಆಗುತ್ತದೆ. ಅದಕ್ಕೇ ನಿಮ್ಮ ನಿಯಮವನ್ನು ಒಂದು ಪುಟದಲ್ಲಿ ಬರೆದು ಪಂಚಾಯ್ತಿ ಸಾಮಾನ್ಯ ಸಭೆಯಲ್ಲಿ ಇಟ್ಟು ನಡಾವಳಿಗೆ ಸೇರಿಸಿ. ಏನನ್ನು ತಡೆಯುತ್ತೀರಿ: ಅಶ್ಲೀಲ ಸೈಟ್, ವೈರಸ್ ಸೈಟ್. ಅಷ್ಟು ಮಾತ್ರ. ಮುಂದೆ ಇನ್ನೊಂದು ಸೇರಿಸಬೇಕಾದರೆ ಮತ್ತೆ ಸಭೆಗೇ ಬರಬೇಕು ಅಂತ ಕೊನೆಗೆ ಒಂದು ಸಾಲು ಇರಲಿ. ಪಿಡಿಒ ಸಹಿ ಹಾಕಿದ ಆ ಒಂದು ಪುಟ ಜಗಳದ ದಿನ ನಿಮ್ಮ ಬೆನ್ನಿಗೆ ನಿಲ್ಲುತ್ತದೆ.

ಸಭೆಯಲ್ಲಿ ಒಂದು ಮಾತು ನೆನಪಿಸಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಈವತ್ತಿನವರೆಗೂ ನಮ್ಮ ಗ್ರಂಥಾಲಯಗಳು ಜನ ಕಟ್ಟೋ ತೆರಿಗೆಯ ಮೇಲಿನ ಸೆಸ್‌ನಿಂದ ನಡೆದಿವೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಆಮೇಲೆ ಅರಿವು ಕೇಂದ್ರ ಅಂತ ಹೆಸರಾಯಿತು. ಇದು ಊರಿನವರ ದುಡ್ಡಿನ ಊರಿನವರ ಕೋಣೆ.

ಇನ್ನು ರಿಜಿಸ್ಟರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಫಿಲ್ಟರ್‌ಗಿಂತ ಇದೇ ಹೆಚ್ಚು ಹಾನಿ ಮಾಡುತ್ತದೆ. ಹೆಸರು, ಬಂದ ಹೊತ್ತು, ಹೋದ ಹೊತ್ತು, ಯಾವ ಕಂಪ್ಯೂಟರ್. ಇಷ್ಟು ಸಾಕು. ಏನು ನೋಡಿದರು ಅನ್ನೋ ಕಾಲಂ ಬೇಡ. ನಗರದಲ್ಲಿ ಅಂಥ ರಿಜಿಸ್ಟರ್ ಓದಿದವರಿಗೆ ಆ ಹೆಸರು ಯಾರದು ಅಂತ ಗೊತ್ತಾಗುವುದಿಲ್ಲ. ನಿಮ್ಮ ಊರಿನಲ್ಲಿ ಪ್ರತಿ ಹೆಸರೂ ಯಾರ ಮನೆಯ ಸೊಸೆ, ಯಾರ ಮಗ ಅಂತ ಎಲ್ಲರಿಗೂ ಗೊತ್ತು.

ರಿಜಿಸ್ಟರ್ ಇಲ್ಲದೆಯೂ ಕಂಪ್ಯೂಟರ್ ಬಾಯಿಬಿಡುತ್ತದೆ. ಮೈಸೂರಿನಲ್ಲಿ ನಾನು ಕಣ್ಣಾರೆ ಕಂಡದ್ದು ಇದು. ಮಧ್ಯಾಹ್ನದ ಹೊತ್ತು ಒಬ್ಬ ಹೆಣ್ಣುಮಗಳು ಬಂದು ಹತ್ತು ನಿಮಿಷ ಕೂತು ಹೋದರು. ಬೆನ್ನಿಗೇ ಇಬ್ಬರು ಹುಡುಗರು ಅದೇ ಕುರ್ಚಿಗೆ ಬಂದರು. ಗಣಿತದ್ದೇನೋ ಹುಡುಕಬೇಕಿತ್ತು. ಒಬ್ಬ "ಗ" ಅಂತ ಒಂದೇ ಅಕ್ಷರ ಹೊಡೆದ. ಕೆಳಗೆ ತಾನಾಗಿ ಬಂತು: ಗಂಡ ಹೊಡೆದರೆ ಎಲ್ಲಿ ದೂರು ಕೊಡಬೇಕು. ಹುಡುಗ ಅದನ್ನು ಜೋರಾಗಿ ಓದಿ ನಕ್ಕ. ಆ ಹೆಣ್ಣುಮಗಳು ಇನ್ನೂ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ತಿರುಗಿ ನೋಡಲಿಲ್ಲ. ಒಂದು ಚಪ್ಪಲಿಗೆ ಕಾಲು ಸಿಕ್ಕಿಸಿಕೊಳ್ಳಲು ಆಗದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ನಾನು ಆ ದಿನ ಏನೂ ಮಾಡಲಿಲ್ಲ. ಮಾಡಬೇಕಿದ್ದದ್ದನ್ನು ಮೊದಲೇ ಮಾಡಿರಲಿಲ್ಲ.

ಮಾಡಬೇಕಿದ್ದದ್ದು ಬಹಳ ಸಣ್ಣ ಕೆಲಸ. ಬ್ರೌಸರ್ ಮುಚ್ಚುತ್ತಿದ್ದ ಹಾಗೆ ಹಿಸ್ಟರಿ, ಪಾಸ್‌ವರ್ಡ್, ಹುಡುಕಿದ ಪದ ಎಲ್ಲ ಅಳಿಸಿಹೋಗೋ ಹಾಗೆ ಸೆಟ್ಟಿಂಗ್ ಇದೆ. ನೋಡಿದ್ದನ್ನು ಉಳಿಸಿಕೊಳ್ಳದ ಗೆಸ್ಟ್ ಮೋಡ್ ಇದೆ. ನಾಲ್ಕೂ ಕಂಪ್ಯೂಟರ್‌ನಲ್ಲಿ ಇವತ್ತೇ ಅದನ್ನು ಮಾಡಿ, ಬೇರೆ ಏನು ಮಾಡಿದರೂ ಬಿಟ್ಟರೂ. ಏಳುವ ಮೊದಲು ಬ್ರೌಸರ್ ಮುಚ್ಚಿ ಅಂತ ಪರದೆಯ ಕೆಳಗೆ ಒಂದು ಚೀಟಿ ಅಂಟಿಸಿ. ಅಳಿಸಿದ್ದಕ್ಕೆ ಯಾರಾದರೂ ತಕರಾರು ಮಾಡಿದರೆ 2017ರ ಆಗಸ್ಟ್ 24ರ ತೀರ್ಪು ನೆನಪಿಸಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಜೊತೆಗೆ ಗೋಡೆ ಮೇಲೆ ದೊಡ್ಡದಾಗಿ ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಆನ್‌ಲೈನ್ ವಂಚನೆಗೆ 1930 ಅಂತ ಬರೆಸಿ. ಕೆಲವರಿಗೆ ಹುಡುಕೋ ಅಗತ್ಯವೇ ಬೀಳುವುದಿಲ್ಲ.

ಯೂಟ್ಯೂಬ್ ಬಗ್ಗೆ. ಅದನ್ನು ಮುಚ್ಚಿದರೆ ಕೆಪಿಎಸ್‌ಸಿ, ಪೊಲೀಸ್ ಪರೀಕ್ಷೆಗೆ ಓದೋ ಹುಡುಗರನ್ನು ಹೊರಗೆ ಕಳಿಸಿದ ಹಾಗೆ. ಕನ್ನಡದಲ್ಲಿ ಪಾಠ ಸಿಗೋದು ಹೆಚ್ಚಾಗಿ ಅಲ್ಲೇ. ಮಕ್ಕಳು ಕೂರೋ ಎರಡು ಕಂಪ್ಯೂಟರ್‌ನಲ್ಲಿ ದೊಡ್ಡವರ ವಿಡಿಯೋ ಅಡಗಿಸೋ ರಿಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಿ, ಗೂಗಲ್ ಹುಡುಕಾಟಕ್ಕೆ ಅಶ್ಲೀಲ ಫಲಿತಾಂಶ ತಡೆಯೋ ಸೇಫ್‌ಸರ್ಚ್ ಹಾಕಿ. ರಿಸ್ಟ್ರಿಕ್ಟೆಡ್ ಮೋಡ್‌ನಲ್ಲಿ ಕಾಮೆಂಟ್‌ಗಳೂ ಕಾಣುವುದಿಲ್ಲ, ಮಕ್ಕಳ ಮಟ್ಟಿಗೆ ಅದೂ ಒಂದು ನೆಮ್ಮದಿ. ದೊಡ್ಡವರ ಎರಡರಲ್ಲಿ ಅದು ಬೇಡ, ಎಷ್ಟೋ ಒಳ್ಳೆ ಪಾಠಗಳನ್ನೂ ಅಡಗಿಸಿಬಿಡುತ್ತದೆ. ಹೆಡ್‌ಫೋನ್ ಕಡ್ಡಾಯ ಮಾಡಿ.

ಕಂಪ್ಯೂಟರ್ ಇಟ್ಟ ಜಾಗ ಹೇಗಿದೆ ಅಂತ ನೀವು ಬರೆದಿಲ್ಲ. ಫಿಲ್ಟರ್‌ಗಿಂತ ಅದು ದೊಡ್ಡದು. ಮಕ್ಕಳ ಪರದೆ ನಿಮ್ಮ ಕುರ್ಚಿಯಿಂದ ಕಾಣುವ ಹಾಗೆ ಇರಲಿ. ಗದರಿಸಲು ಅಲ್ಲ, ಮಗು ಗಾಬರಿಯಾದರೆ ನೀವು ಎದ್ದು ಹೋಗಲು. ದೊಡ್ಡವರದ್ದರಲ್ಲಿ ಒಂದನ್ನಾದರೂ ಮೂಲೆಗೆ ಹಾಕಿ, ಕೂತವರ ಬೆನ್ನು ಗೋಡೆಗೆ ಬರುವ ಹಾಗೆ. ಪೇಪರ್ ಓದಲು ಬಂದವರು ಹಿಂದೆ ನಿಂತು ಇಣುಕಲು ಆಗಬಾರದು. ಎದೆಯಲ್ಲಿ ಗಂಟಾಗಿದೆ ಅಂತ ಹೆದರಿದ ಹೆಣ್ಣುಮಗಳಿಗೆ, ಸಾಲ ಕಟ್ಟಲಾಗದೆ ಏನು ದಾರಿ ಅಂತ ಹುಡುಕೋ ರೈತನಿಗೆ ಆ ಮೂಲೆ ಬೇಕು. ಮೇಜು ಎಳೆಯಲು ದುಡ್ಡು ಬೇಕಿಲ್ಲ.

ಯಾವ ಫಿಲ್ಟರ್ ಹಾಕಿದರೂ ಹುಡುಗರು ತಮ್ಮ ಮೊಬೈಲ್‌ನಲ್ಲಿ ನೋಡೋದನ್ನು ನಿಮ್ಮಿಂದ ತಡೆಯಲು ಆಗುವುದಿಲ್ಲ. ಇದನ್ನೂ ಸಭೆಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿ. ಫಿಲ್ಟರ್ ಹಾಕಿದ ಮೇಲೆ ಇನ್ನೇನೂ ಆಗೋದೇ ಇಲ್ಲ ಅಂತ ಮಾತು ಕೊಟ್ಟರೆ ಮುಂದಿನ ಸಲ ನಿಮ್ಮನ್ನೇ ಹಿಡಿಯುತ್ತಾರೆ.

ಕೊನೆಗೆ ಆ ಹುಡುಗ. ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ, ಅವನ ಮಾತು ಇಲ್ಲ. ಅವನು ಏನು ಹುಡುಕುತ್ತಿದ್ದ ಅಂತ ಯಾರಾದರೂ ಕೇಳಿದರಾ? ಪುಕ್ಕಟೆ ಸಿನಿಮಾ ತೋರಿಸೋ ಸೈಟ್‌ಗಳಲ್ಲಿ ಎಲ್ಲಿ ಒತ್ತಿದರೂ ಇನ್ನೊಂದು ಪುಟ ಹಾರಿ ತೆರೆದುಕೊಳ್ಳುತ್ತದೆ. ಅದರಲ್ಲಿ ಇಂಥದ್ದೇ ಜಾಹೀರಾತು ಇರುತ್ತದೆ. ಹೊಸ ಸಿನಿಮಾ ಹುಡುಕಿದ ಎಷ್ಟೋ ಮಕ್ಕಳು ಹೀಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮುಚ್ಚಲು ಹೋದರೆ ಇನ್ನೆರಡು ತೆರೆಯುತ್ತವೆ, ಕೈ ನಡುಗುತ್ತದೆ. ಅಷ್ಟರಲ್ಲಿ ಪಕ್ಕದವರು ನೋಡಿರುತ್ತಾರೆ. ಅವನು ಬೇಕಂತಲೇ ನೋಡಿರಲೂಬಹುದು. ಹದಿಮೂರು ಹದಿನಾಲ್ಕು ವರ್ಷ, ಕುತೂಹಲದ ವಯಸ್ಸು. ಹಾಗಾಗಿದ್ದರೂ ಊರೆಲ್ಲ ಸೇರಿ ಅವನನ್ನು ಲೈಬ್ರರಿಯಿಂದ ಓಡಿಸೋ ತಪ್ಪಲ್ಲ ಅದು. 1931ರಲ್ಲಿ ಎಸ್.ಆರ್. ರಂಗನಾಥನ್ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ ಅನ್ನೋದು ಎರಡನೆಯದು. ಅದರಲ್ಲಿ ಒಳ್ಳೆ ಓದುಗ, ಕೆಟ್ಟ ಓದುಗ ಅಂತ ಭಾಗ ಮಾಡಿಲ್ಲ.

ಭಾನುವಾರ ಅವನ ಮನೆ ಕಡೆ ಹೋಗಿ ಬನ್ನಿ. ಆ ವಿಷಯ ತೆಗೆಯಬೇಡಿ. ಅವರಮ್ಮನ ಹತ್ತಿರ, ಕಂಪ್ಯೂಟರ್ ಎಲ್ಲ ಸರಿಮಾಡಿಸಿದ್ದೇವೆ, ಬ್ರೌಸರ್ ಸೆಟ್ಟಿಂಗ್ ಮಾಡಲು ನನಗೊಬ್ಬ ಹುಡುಗ ಜೊತೆಗೆ ಬೇಕು, ಸೋಮವಾರ ಸ್ಕೂಲ್ ಬಿಟ್ಟ ಮೇಲೆ ಕಳಿಸಿ ಅಂತ ಹೇಳಿ. ಬಂದರೆ ಮೊದಲನೇ ಕಂಪ್ಯೂಟರ್ ಮುಂದೆ ನಿಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ಹಾರಿ ಬರೋ ಪುಟವನ್ನು ಕೀಬೋರ್ಡಿನಿಂದಲೇ ಮುಚ್ಚೋದು ಹೇಗೆ ಅಂತ ತೋರಿಸಿಕೊಡಿ: ಕಂಟ್ರೋಲ್ ಒತ್ತಿ ಹಿಡಿದು ಡಬ್ಲ್ಯೂ.